ಬಿಡಿಎನ್‌ಎಫ್ ನೋಡಲು ಡೈ ಹಚ್ಚಿದ ಮೊಲದ ರಿಕಾಂಬಿನೆಂಟ್ ಆಂಟಿಬಾಡಿ: ಕೊಳ್ಳಲಾ, ಬೇಡವಾ?

ಬೆಂಚ್_ಹುಡುಗಿ

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನಲ್ಲಿ ಪಿಎಚ್‌ಡಿ ಮಾಡುತ್ತಿದ್ದೇನೆ. ಮೌಸ್ ಮಿದುಳಿನ ಹಿಪೊಕ್ಯಾಂಪಸ್‌ನಲ್ಲಿ (ನೆನಪಿಗೆ ಬೇಕಾದ ಭಾಗ) ಬಿಡಿಎನ್‌ಎಫ್, ಅಂದರೆ ನರಕೋಶಗಳನ್ನು ಪೋಷಿಸುವ ಒಂದು ಪ್ರೋಟೀನ್, ಎಲ್ಲೆಲ್ಲಿದೆ ಅಂತ ನೋಡಬೇಕು. ಮುಖ್ಯ ಪ್ರಶ್ನೆ: ಮೈಕ್ರೋಗ್ಲಿಯಾದೊಳಗೆ (ಮಿದುಳಿನ ರಕ್ಷಣಾ ಕೋಶಗಳು) ಅದು ಇದೆಯೋ ಇಲ್ಲವೋ. ಹಾಗಾಗಿ ಒಂದೇ ಸ್ಲೈಡಿನಲ್ಲಿ ಮೂರು ಬಣ್ಣ ಬೇಕು. ಬಿಡಿಎನ್‌ಎಫ್, ಮೈಕ್ರೋಗ್ಲಿಯಾ ಗುರುತಿಸಲು ಐಬಾ-1 ಪ್ರೋಟೀನ್, ನ್ಯೂರಾನ್ ಗುರುತಿಸಲು ನ್ಯೂ-ಎನ್ ಪ್ರೋಟೀನ್.

ತೊಡಕು ಏನಂದ್ರೆ, ನಮ್ಮ ಫ್ರಿಜ್‌ನಲ್ಲಿರುವ ಐಬಾ-1 ಮೊಲದ್ದು. ಎಲ್ಲರೂ ಚೆನ್ನಾಗಿದೆ ಅನ್ನುವ ಬಿಡಿಎನ್‌ಎಫ್ ಆಂಟಿಬಾಡಿಯೂ ಮೊಲದ್ದೇ. ಮೊಲದ ಆಂಟಿಬಾಡಿಯನ್ನು (ಪ್ರೈಮರಿ) ಹಿಡಿಯುವ, ಡೈ ಹಚ್ಚಿದ ಎರಡನೇ ಆಂಟಿಬಾಡಿ, ಅಂದರೆ ಸೆಕೆಂಡರಿ, ಹಾಕಿದರೆ ಅದು ಎರಡಕ್ಕೂ ಹೋಗಿ ಕೂರುತ್ತದೆ. ಇದಕ್ಕೆ ನಮ್ಮ ಗೈಡ್ ಹೇಳಿದ ದಾರಿ: ಬಿಡಿಎನ್‌ಎಫ್‌ಗೆ ನೇರವಾಗಿ ಅಲೆಕ್ಸಾ ಫ್ಲೋರ್ 647 ಅನ್ನುವ ಹೊಳೆಯುವ ಡೈ ಅಂಟಿಸಿದ ರಿಕಾಂಬಿನೆಂಟ್ ಆಂಟಿಬಾಡಿ ತರಿಸು, ಅದಕ್ಕೆ ಸೆಕೆಂಡರಿಯೇ ಬೇಡ. ಕೊಟೇಶನ್ ಬಂದಿದೆ. ಡೈ ಇಲ್ಲದ್ದಕ್ಕಿಂತ ಬೆಲೆ ಜಾಸ್ತಿ, ವೈಯಲ್ ಮಾತ್ರ ಪುಟ್ಟದು. ಆರ್ಡರ್ ಮಾಡುವ ಮುಂಚೆ ಬಳಸಿದವರ ಅಭಿಪ್ರಾಯ ಬೇಕಿತ್ತು. ಬೇಗ ಹೇಳಿ, ಈ ವರ್ಷದ ಗ್ರಾಂಟ್ ದುಡ್ಡು ಖರ್ಚು ಮಾಡುವ ಗಡುವು ಹತ್ತಿರ ಬಂದಿದೆ.

ಹಳೇ_ಕಾನ್‌ಫೋಕಲ್

ಒಂದು ಇಮೇಜಿಂಗ್ ಫೆಸಿಲಿಟಿ ನೋಡಿಕೊಳ್ಳುತ್ತೇನೆ. ವಾರವಾರವೂ ಯಾರಾದರೊಬ್ಬರು ಇದೇ ಪ್ರಶ್ನೆ ಹಿಡಿದುಕೊಂಡು ಬರುತ್ತಾರೆ.

ಮೊದಲು ಲೆಕ್ಕ ನೋಡಮ್ಮ. ಸೆಕೆಂಡರಿ ಬಳಸಿದಾಗ ಒಂದು ಪ್ರೈಮರಿಯ ಮೇಲೆ ಹಲವು ಸೆಕೆಂಡರಿಗಳು ಕೂರುತ್ತವೆ. ಪ್ರತಿಯೊಂದರ ಮೇಲೂ ಹಲವು ಡೈ ಅಣುಗಳು ಇರುತ್ತವೆ. ಸಿಗ್ನಲ್ ದೊಡ್ಡದಾಗುತ್ತದೆ. ನೇರ ಲೇಬಲ್‌ನಲ್ಲಿ ಪ್ರೈಮರಿಯ ಮೈಮೇಲೆ ಎಷ್ಟು ಡೈ ಇದೆಯೋ ಅಷ್ಟೇ ಬೆಳಕು. ಐಬಾ-1 ಅಂಥ ಪ್ರೋಟೀನಿಗೆ ಅದು ಧಾರಾಳ ಸಾಕು, ಮೈಕ್ರೋಗ್ಲಿಯಾ ತುಂಬ ಅದೇ ಇರುತ್ತದೆ. ಆದರೆ ಬಿಡಿಎನ್‌ಎಫ್? ಒಂದು ಗ್ರಾಂ ಮಿದುಳಿಗೆ ನ್ಯಾನೋಗ್ರಾಂಗಳ ಲೆಕ್ಕದಲ್ಲಿ ಸಿಗುವ ಪ್ರೋಟೀನು. ಇದ್ದದ್ದೂ ಆಕ್ಸಾನ್ (ನರಕೋಶದ ಉದ್ದ ಎಳೆ) ತುದಿಗಳ ಸಣ್ಣಸಣ್ಣ ವೆಸಿಕಲ್‌ಗಳಲ್ಲಿ (ಚೀಲಗಳಲ್ಲಿ) ಹಂಚಿಹೋಗಿರುತ್ತದೆ. ಅಪರೂಪದ ಪ್ರೋಟೀನಿಗೆ ಕಡಿಮೆ ಬೆಳಕಿನ ವಿಧಾನ, ಹೇರಳವಾಗಿರುವ ಪ್ರೋಟೀನಿಗೆ ಜಾಸ್ತಿ ಬೆಳಕಿನ ವಿಧಾನ. ನಿಮ್ಮ ಗೈಡ್ ಹೇಳಿದ್ದು ಪೂರ್ತಿ ತಿರುವುಮುರುವು, ಬೇಜಾರು ಮಾಡ್ಕೋಬೇಡಿ.

ಉಲ್ಟಾ ಮಾಡಿ. ನೇರ ಲೇಬಲ್ ಇರುವ ಆಂಟಿಬಾಡಿಯನ್ನು ಐಬಾ-1ಕ್ಕೆ ತರಿಸಿ. ಬಿಡಿಎನ್‌ಎಫ್‌ಗೆ ಡೈ ಇಲ್ಲದ ರಿಕಾಂಬಿನೆಂಟ್ ಕ್ಲೋನ್ (ಒಂದೇ ಬಗೆಯ ಆಂಟಿಬಾಡಿ) ತಂದು ಸೆಕೆಂಡರಿ ಹಾಕಿ.

ಇನ್ನೊಂದು ವಿಷಯ. 647 ಬಣ್ಣವನ್ನು ಐಪೀಸ್‌ನಲ್ಲಿ ಕಣ್ಣಿಟ್ಟು ಹುಡುಕಬೇಡಿ. ಅದರ ಬೆಳಕು 668 ನ್ಯಾನೋಮೀಟರ್ ಆಸುಪಾಸು, ನಮ್ಮ ಕಣ್ಣಿಗೆ ಕಾಣುವುದೇ ಕಷ್ಟ. ಕ್ಯಾಮೆರಾಗೋ ಡಿಟೆಕ್ಟರ್‌ಗೋ ಚೆನ್ನಾಗಿ ಕಾಣುತ್ತದೆ. ಹಳೇ ಮರ್ಕ್ಯುರಿ ಲ್ಯಾಂಪಿನ ಮೈಕ್ರೋಸ್ಕೋಪ್ ಆದರೆ 650ರ ಹತ್ತಿರ ಅದರ ಬೆಳಕೇ ದುರ್ಬಲ. ಲೇಸರ್ ಅಥವಾ ಕೆಂಪು ಎಲ್‌ಇಡಿ ಇದ್ದರೆ ಮಾತ್ರ 647 ಆರಿಸಿ.

ಕ್ಲೋನ್_ಕುಮಾರ

ಮೊದಲೇ ಹೇಳಿಬಿಡುತ್ತೇನೆ, ನಾನು ಆಂಟಿಬಾಡಿ ತಯಾರಿಸುವ ಕಂಪನಿಯೊಂದರಲ್ಲಿ ಕೆಲಸ ಮಾಡುವವನು. ನನ್ನ ಮಾತನ್ನು ಆ ಉಪ್ಪಿನಕಾಯಿ ಜೊತೆಗೇ ತಿನ್ನಿ.

ಹಳೇ ಕಾನ್‌ಫೋಕಲ್ ಸರ್ ಹೇಳಿದ ಲೆಕ್ಕ ಸರಿ. ಆದರೆ ಡೈ ವಿಷಯಕ್ಕೆ ಹೋಗುವ ಮುಂಚೆ ಆ ಹೆಸರಿನಲ್ಲಿರುವ ‘ರಿಕಾಂಬಿನೆಂಟ್’ ಮತ್ತು ‘ಮೊಲ’ ಎರಡನ್ನೂ ಬಿಡಿಸಿ ನೋಡಬೇಕು. ಜನ ದುಡ್ಡು ಕೊಡಬೇಕಾದ್ದು ಅವಕ್ಕೆ.

ಪಾಲಿಕ್ಲೋನಲ್ ಅಂದರೆ ಒಂದು ಮೊಲದ ರಕ್ತದಲ್ಲಿ ಸಿಕ್ಕ ನೂರೆಂಟು ಬಗೆಯ ಆಂಟಿಬಾಡಿಗಳ ಮಿಶ್ರಣ. ಆ ಮೊಲ ಹೋದರೆ ಆ ಮಿಶ್ರಣವೂ ಹೋಯಿತು. ಮುಂದಿನ ಲಾಟ್ ಬೇರೆ ಮೊಲದ್ದು. ಹೈಬ್ರಿಡೋಮಾದಿಂದ (ಆಂಟಿಬಾಡಿ ಮಾಡುವ ಬಿ ಕೋಶವನ್ನು ಕ್ಯಾನ್ಸರ್ ಕೋಶಕ್ಕೆ ಬೆಸೆದದ್ದು) ಬರುವ ಮಾನೋಕ್ಲೋನಲ್, ಅಂದರೆ ಒಂದೇ ಬಗೆಯ ಆಂಟಿಬಾಡಿ, ಸ್ಥಿರ ಅಂತ ತುಂಬಾ ಜನ ನಂಬಿದ್ದಾರೆ. 2018ರಲ್ಲಿ 185 ಹೈಬ್ರಿಡೋಮಾಗಳನ್ನು ಪರೀಕ್ಷಿಸಿದ ಒಂದು ಅಧ್ಯಯನ ಬಂತು. ಅವುಗಳಲ್ಲಿ ಸುಮಾರು ಮೂರನೇ ಒಂದು ಭಾಗ ಆಂಟಿಬಾಡಿಗೆ ಬೇಕಾದ ಎರಡು ಬಗೆಯ ಪ್ರೋಟೀನ್ ಚೈನ್‌ಗಳ (ಹೆವಿ, ಲೈಟ್) ಜೊತೆಗೆ ಬೇರೆ ಚೈನ್‌ಗಳನ್ನೂ ತಯಾರಿಸುತ್ತಿದ್ದವು. ಅಂದರೆ ‘ಮಾನೋ’ ಅನ್ನುವುದು ಲೇಬಲ್‌ನಲ್ಲಿ ಮಾತ್ರ.

ರಿಕಾಂಬಿನೆಂಟ್‌ನಲ್ಲಿ ಒಂದು ಒಳ್ಳೆಯ ಬಿ ಕೋಶವನ್ನು ಹಿಡಿದು ಅದರ ಹೆವಿ ಚೈನ್, ಲೈಟ್ ಚೈನ್ ಎರಡರ ಡಿಎನ್‌ಎ ಓದುತ್ತೇವೆ. ಆ ಡಿಎನ್‌ಎಯನ್ನು ಪ್ಲಾಸ್ಮಿಡ್‌ಗೆ ಹಾಕಿ ಲ್ಯಾಬ್‌ನಲ್ಲಿ ಬೆಳೆಸುವ ಹೆಕ್-293 ಅಥವಾ ಚೋ ಕೋಶಗಳಲ್ಲಿ ಆಂಟಿಬಾಡಿ ಮಾಡಿಸುತ್ತೇವೆ. ಐದು ವರ್ಷ ಬಿಟ್ಟು ಕೊಂಡರೂ ಅದೇ ಸೀಕ್ವೆನ್ಸ್.

ಮೊಲವೇ ಯಾಕೆ? ಇಲಿಯ ರೋಗನಿರೋಧಕ ವ್ಯವಸ್ಥೆ ಗುರುತಿಸದ ಎಷ್ಟೋ ಎಪಿಟೋಪ್‌ಗಳನ್ನು (ಆಂಟಿಬಾಡಿ ಅಂಟುವ ಜಾಗಗಳು) ಮೊಲದ್ದು ಗುರುತಿಸುತ್ತದೆ. ಹಿಡಿತವೂ ಸಾಮಾನ್ಯವಾಗಿ ಬಿಗಿ. ಮೌಸ್ ಅಂಗಾಂಶದ ಮೇಲೆ ಕೆಲಸ ಮಾಡುವವರಿಗೆ ಇನ್ನೊಂದು ಲಾಭವಿದೆ. ಮೌಸ್ ಆಂಟಿಬಾಡಿ ಹಾಕಿದರೆ ಸೆಕೆಂಡರಿ ಹೋಗಿ ಅಂಗಾಂಶದಲ್ಲೇ ಇರುವ ಇಲಿಯ ಐಜಿಜಿಯನ್ನೂ (ರಕ್ತದ ಸಾಮಾನ್ಯ ಆಂಟಿಬಾಡಿ) ಹಿಡಿಯುತ್ತದೆ, ರಕ್ತನಾಳಗಳೆಲ್ಲ ಹೊಳೆಯುತ್ತವೆ. ಮೊಲದ್ದಕ್ಕೆ ಆ ರಗಳೆ ಇಲ್ಲ. (ಬೆಂಚ್ ಹುಡುಗಿಯವರೇ, ನಿಮ್ಮ ನ್ಯೂ-ಎನ್ ಮೌಸ್‌ದಾ? ಹಾಗಿದ್ದರೆ ಅದೂ ಯೋಚಿಸಿ.)

ಒಂದು ದೂರು ನಮ್ಮ ಉದ್ಯಮದ ಮೇಲೂ ಇದೆ. ಸೀಕ್ವೆನ್ಸ್ ಗೊತ್ತಿರುವುದು ಕಂಪನಿಗೆ ಮಾತ್ರ, ಕೊಳ್ಳುವವರಿಗೆ ಕೊಡುವುದು ಅಪರೂಪ. ಕ್ಯಾಟಲಾಗ್‌ನಿಂದ ತೆಗೆದುಹಾಕಿದರೆ ಆ ಕ್ಲೋನ್ ಮಾಯ.

ಮಲೆನಾಡ_ಮೇಷ್ಟ್ರು

ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಿದ್ದೆ, ಈಗ ನಿವೃತ್ತ. ಈ ಚರ್ಚೆ ಓದಿ ಸುಮ್ನೆ ಇರಲಾಗಲಿಲ್ಲ. ನ್ಯೂರೋಟ್ರೋಫಿಕ್ ಪ್ರೋಟೀನ್‌ಗಳ ಕಥೆಯಲ್ಲಿ ಮೊಲ ಮೊದಲಿನಿಂದಲೂ ಇದೆ.

ನರ ಬೆಳವಣಿಗೆಯ ಅಂಶ, ಅಂದರೆ ಎನ್‌ಜಿಎಫ್ ಕಂಡುಹಿಡಿದವರು ಇಟಲಿಯ ರೀಟಾ ಲೆವಿ ಮೊಂಟಾಲ್ಚಿನಿ ಮತ್ತು ಅಮೆರಿಕದ ಸ್ಟ್ಯಾನ್ಲಿ ಕೋಹೆನ್. ಸೇಂಟ್ ಲೂಯಿಸ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ, ವಿಕ್ಟರ್ ಹ್ಯಾಂಬರ್ಗರ್ ಅವರ ವಿಭಾಗದಲ್ಲಿ, 1950ರ ದಶಕದಲ್ಲಿ. ಮೊದಲು ಇಲಿಯ ಗಡ್ಡೆಯಲ್ಲಿ ಅದರ ಸುಳಿವು ಸಿಕ್ಕಿತು. ಆಮೇಲೆ ಹಾವಿನ ವಿಷದಲ್ಲಿ, ಅಲ್ಲಿಂದ ಗಂಡು ಇಲಿಯ ಜೊಲ್ಲುಗ್ರಂಥಿಯಲ್ಲಿ.

ಆಮೇಲೆ ಕೋಹೆನ್ ಆ ಪ್ರೋಟೀನನ್ನು ಮೊಲಗಳಿಗೆ ಚುಚ್ಚಿ ಅದರ ವಿರುದ್ಧ ಸೀರಮ್ ಪಡೆದರು. ಆ ಸೀರಮ್ಮನ್ನು ಆಗತಾನೇ ಹುಟ್ಟಿದ ಇಲಿಮರಿಗಳಿಗೆ ಕೊಟ್ಟರೆ ಅವುಗಳ ಸಿಂಪಥೆಟಿಕ್ ನರಗಂಟುಗಳು ಹೆಚ್ಚುಕಮ್ಮಿ ಅಳಿದೇ ಹೋದವು. 1960ರಲ್ಲಿ ಇದು ಪ್ರಕಟವಾಯಿತು. ಆ ನರಕೋಶಗಳು ಬದುಕಿ ಉಳಿಯಲು ಎನ್‌ಜಿಎಫ್ ಬೇಕೇ ಬೇಕು ಅನ್ನುವುದಕ್ಕೆ ಸಿಕ್ಕ ಗಟ್ಟಿ ಪುರಾವೆ ಇದು. ಒದಗಿಸಿದ್ದು ಮೊಲದ ಪಾಲಿಕ್ಲೋನಲ್ ಸೀರಮ್! ಇಬ್ಬರಿಗೂ 1986ರಲ್ಲಿ ನೊಬೆಲ್ ಬಂತು.

ಬಿಡಿಎನ್‌ಎಫ್ ಬಂದದ್ದು 1982ರಲ್ಲಿ, ಜರ್ಮನಿಯಲ್ಲಿ. ಈವ್-ಅಲೆನ್ ಬಾರ್ಡ್, ಡೇವಿಡ್ ಎಡ್ಗರ್, ಹಾನ್ಸ್ ಥೋನೆನ್ ಮೂವರು ಹಂದಿಯ ಮಿದುಳಿನಿಂದ ಅದನ್ನು ಶುದ್ಧ ಮಾಡಿ ತೆಗೆದರು. ಕಿಲೋಗಟ್ಟಲೆ ಮಿದುಳು ಅರೆದರೆ ಸಿಕ್ಕಿದ್ದು ಮೈಕ್ರೋಗ್ರಾಂ ಲೆಕ್ಕದಲ್ಲಿ. ಎನ್‌ಜಿಎಫ್‌ಗಾದರೆ ಜೊಲ್ಲುಗ್ರಂಥಿಯಂಥ ಖಜಾನೆ ಸಿಕ್ಕಿತ್ತು. ಬಿಡಿಎನ್‌ಎಫ್‌ಗೆ ಅಂಥ ಅದೃಷ್ಟ ಇರಲಿಲ್ಲ. ಹಳೇ ಕಾನ್‌ಫೋಕಲ್ ಅವರು ‘ಅಪರೂಪ’ ಅಂದದ್ದು ಇದಕ್ಕೇ.

ಸುಮ್ನೆ_ಓದುವವ

ನಾನು ಈ ಲೋಕದವನಲ್ಲ, ಐಟಿ ಕೆಲಸ. ಒಂದೇ ಪ್ರಶ್ನೆ. ರಿಕಾಂಬಿನೆಂಟ್ ಅಂದರೆ ಮೊಲಗಳಿಗೆ ಮುಕ್ತಿ ಸಿಕ್ಕಿತು ಅಂತ ಅರ್ಥವಾ?

ಕ್ಲೋನ್_ಕುಮಾರ

ಅರ್ಧ ಮುಕ್ತಿ. ಮೊದಲ ಸಲ ಆ ಸೀಕ್ವೆನ್ಸ್ ಪಡೆಯಲು ಮೊಲಕ್ಕೆ ಲಸಿಕೆ ಥರ ಚುಚ್ಚಲೇಬೇಕು, ಅದರ ಬಿ ಕೋಶಗಳು ಬೇಕು. ಆಮೇಲೆ ಆ ಆಂಟಿಬಾಡಿಗೆ ಪ್ರಾಣಿ ಬೇಡ. ಪಾಲಿಕ್ಲೋನಲ್‌ನಲ್ಲಾದರೆ ಮಾರಾಟ ಇರುವವರೆಗೂ ಹೊಸ ಹೊಸ ಮೊಲಗಳು ಬೇಕಾಗುತ್ತವೆ. ಪ್ರಾಣಿಯನ್ನೇ ಮುಟ್ಟದೆ ಫೇಜ್ ಡಿಸ್‌ಪ್ಲೇಯಿಂದಲೂ (ಬ್ಯಾಕ್ಟೀರಿಯಾದ ವೈರಸ್‌ಗಳ ಮೈಮೇಲೆ ಆಂಟಿಬಾಡಿ ತುಣುಕು ಮೂಡಿಸಿ ಆರಿಸುವ ವಿಧಾನ) ಆಂಟಿಬಾಡಿ ಹುಡುಕಬಹುದು. 2020ರಲ್ಲಿ ಯುರೋಪಿಯನ್ ಒಕ್ಕೂಟದ, ಪ್ರಾಣಿಪ್ರಯೋಗಕ್ಕೆ ಪರ್ಯಾಯ ವಿಧಾನಗಳ ಕೇಂದ್ರ ಅದೇ ದಾರಿ ಹಿಡಿಯಿರಿ ಅಂತ ಶಿಫಾರಸು ಮಾಡಿತು. ತಜ್ಞರಲ್ಲಿ ಇದರ ಬಗ್ಗೆ ಒಮ್ಮತ ಇಲ್ಲ. ಮೊಲದಿಂದ ಸಿಗುವ ಬಿಗಿ ಹಿಡಿತ ಬೇಕು ಅನ್ನುವವರು ತುಂಬಾ ಜನ. ನಾನೂ ಅವರ ಪೈಕಿ.

ಹೆಲ್ಸಿಂಕಿ_ಅಕ್ಕ

ತಡವಾಗಿ ಬಂದೆ. ಫಿನ್‌ಲ್ಯಾಂಡಿನಲ್ಲಿದ್ದೇನೆ. ಸಿಡಿಎನ್‌ಎಫ್, ಮ್ಯಾನ್ಫ್ ಅನ್ನುವ ಪ್ರೋಟೀನ್‌ಗಳ ಮೇಲೆ ಇಲ್ಲಿ ತುಂಬಾ ಕೆಲಸ ನಡೆಯುತ್ತದೆ, ಹಾಗಾಗಿ ಆಂಟಿಬಾಡಿ ಜಗಳಗಳು ನಮಗೆ ದಿನನಿತ್ಯದ್ದು.

ಎಲ್ಲರೂ ಡೈ ಬಗ್ಗೆ ಮಾತಾಡುತ್ತಿದ್ದೀರಿ. ನನ್ನ ಪ್ರಶ್ನೆ ಬೇರೆ. ಆ ಕ್ಲೋನ್ ನಿಜವಾಗಿಯೂ ಬಿಡಿಎನ್‌ಎಫ್ಅನ್ನೇ ಹಿಡಿಯುತ್ತದೆ ಅಂತ ನಿಮ್ಮ ಅಂಗಾಂಶದಲ್ಲಿ ಯಾರು ತೋರಿಸಿದ್ದಾರೆ? ರಿಕಾಂಬಿನೆಂಟ್ ಅನ್ನುವುದು ಪ್ರತಿ ಸಲ ಒಂದೇ ವಸ್ತು ಬರುತ್ತದೆ ಅನ್ನುವ ಖಾತರಿ. ತಪ್ಪು ಪ್ರೋಟೀನಿಗೆ ಅಂಟುವ ಆಂಟಿಬಾಡಿಯನ್ನು ರಿಕಾಂಬಿನೆಂಟ್ ಮಾಡಿದರೆ ಪ್ರತಿ ಲಾಟ್‌ನಲ್ಲೂ ತಪ್ಪದೆ ಅದೇ ತಪ್ಪು.

ಮಾಂಟ್ರಿಯಲ್‌ನ ವೈ-ಕ್ಯಾರೋಸ್ ತಂಡ ನರವಿಜ್ಞಾನಕ್ಕೆ ಬೇಕಾದ 65 ಪ್ರೋಟೀನ್‌ಗಳಿಗೆ ಮಾರುಕಟ್ಟೆಯಲ್ಲಿರುವ 614 ಆಂಟಿಬಾಡಿಗಳನ್ನು ನಾಕ್‌ಔಟ್ ಕೋಶಗಳ (ಆ ಪ್ರೋಟೀನಿನ ಜೀನ್ ತೆಗೆದವು) ಜೊತೆ ಹೋಲಿಸಿ ಪರೀಕ್ಷಿಸಿತು. 2023ರಲ್ಲಿ ಪ್ರಕಟವಾಯಿತು. ಅರ್ಧಕ್ಕಿಂತ ಹೆಚ್ಚು ಆಂಟಿಬಾಡಿಗಳು ಒಂದಲ್ಲ ಒಂದು ಪರೀಕ್ಷೆಯಲ್ಲಿ ಸೋತವು. ಸರಾಸರಿಯಾಗಿ ರಿಕಾಂಬಿನೆಂಟ್‌ಗಳು ಉಳಿದ ಎರಡು ಬಗೆಗಳಿಗಿಂತ ಚೆನ್ನಾಗಿದ್ದವು. ಕುಮಾರ ಅವರು ಖುಷಿಪಡಬಹುದು. ಆದರೆ ಸರಾಸರಿ ಚೆನ್ನಾಗಿದೆ ಅಂತ ನಿಮ್ಮ ಕೈಲಿರುವ ವೈಯಲ್ ಚೆನ್ನಾಗಿದೆ ಅಂತೇನಿಲ್ಲ.

ಬಿಡಿಎನ್‌ಎಫ್‌ಗೆ ವಿಶೇಷ ಕಷ್ಟಗಳಿವೆ. ಒಂದು, ಪಕ್ವವಾದ ಬಿಡಿಎನ್‌ಎಫ್ ಸಸ್ತನಿಗಳಲ್ಲಿ ಬಹುತೇಕ ಒಂದೇ. ತನ್ನಲ್ಲೂ ಇರುವ ಪ್ರೋಟೀನಿನ ವಿರುದ್ಧ ಮೊಲ ಸುಲಭಕ್ಕೆ ಆಂಟಿಬಾಡಿ ಮಾಡುವುದಿಲ್ಲ. ಎರಡು, ಎನ್‌ಜಿಎಫ್, ಎನ್‌ಟಿ-3, ಎನ್‌ಟಿ-4 ಇವೆಲ್ಲ ಅದರ ಒಡಹುಟ್ಟಿದವು, ಅಮೈನೋ ಆಮ್ಲಗಳಲ್ಲಿ ಸುಮಾರು ಅರ್ಧ ಹೊಂದುತ್ತವೆ. ಮೂರನೆಯದು ಪ್ರೋ-ಬಿಡಿಎನ್‌ಎಫ್ ಗೊಂದಲ. ಕೋಶ ಮೊದಲು ಮಾಡುವುದು ಸುಮಾರು 32 ಕಿಲೋಡಾಲ್ಟನ್‌ನ ಪ್ರೋ ರೂಪ. ಅದನ್ನು ಫ್ಯೂರಿನ್‌ನಂಥ ಕಿಣ್ವಗಳು ಕತ್ತರಿಸಿದ ಮೇಲೆ ಸುಮಾರು 14ರ ಪಕ್ವ ರೂಪ ಸಿಗುತ್ತದೆ. ಪಕ್ವ ಭಾಗಕ್ಕೆ ಅಂಟುವ ಆಂಟಿಬಾಡಿ ಸಾಮಾನ್ಯವಾಗಿ ಎರಡನ್ನೂ ಹಿಡಿಯುತ್ತದೆ. ವೆಸ್ಟರ್ನ್ ಬ್ಲಾಟ್‌ನಲ್ಲಿ ಗಾತ್ರ ನೋಡಿ ಬೇರೆ ಮಾಡಬಹುದು. ಮೈಕ್ರೋಸ್ಕೋಪ್‌ಗೆ ಗಾತ್ರ ಗೊತ್ತಾಗುವುದಿಲ್ಲ, ಎರಡೂ ಒಂದೇ ಬಣ್ಣ.

ಒಂದು ಪುಕ್ಕಟೆ ಪರೀಕ್ಷೆ ಹೇಳುತ್ತೇನೆ, ದುಡ್ಡು ಬೇಡ. ನಿಮ್ಮ ಸೆಕ್ಷನ್‌ನಲ್ಲೇ ಎರಡು ಜಾಗ ನೋಡಿ. ಹಿಪೊಕ್ಯಾಂಪಸ್‌ನ ಸಿಎ-3ರಲ್ಲಿ ಮಾಸಿ ಫೈಬರ್ ಅನ್ನುವ ಆಕ್ಸಾನ್‌ಗಳ ತುದಿ ಬರುವ ಪಟ್ಟಿ ಇದೆಯಲ್ಲ, ಸ್ಟ್ರಾಟಮ್ ಲೂಸಿಡಮ್, ಅಲ್ಲಿ ಬಿಡಿಎನ್‌ಎಫ್ ಜೋರಾಗಿ ಕಾಣಬೇಕು. ಆಮೇಲೆ ಸ್ಟ್ರಯೇಟಮ್, ಮಿದುಳಿನ ಆಳದ ಇನ್ನೊಂದು ಭಾಗ. ಅಲ್ಲಿನ ನ್ಯೂರಾನ್‌ಗಳು ಬಿಡಿಎನ್‌ಎಫ್‌ನ ಆರ್‌ಎನ್‌ಎ ಮಾಡುವುದೇ ಇಲ್ಲ ಅನ್ನುವಷ್ಟು ಕಡಿಮೆ. ಇರುವ ಪ್ರೋಟೀನು ಮುಖ್ಯವಾಗಿ ಕಾರ್ಟೆಕ್ಸ್‌ನಿಂದ ಆಕ್ಸಾನ್‌ಗಳ ಮೂಲಕ ಇಳಿದು ಬಂದದ್ದು. ನಿಮ್ಮ ಆಂಟಿಬಾಡಿ ಸ್ಟ್ರಯೇಟಮ್‌ನ ಪ್ರತಿಯೊಂದು ಕೋಶದ ಹೊಟ್ಟೆಯನ್ನೂ ಬೆಳಗಿಸಿ ಲೂಸಿಡಮ್ಮನ್ನು ಕತ್ತಲಲ್ಲಿ ಬಿಟ್ಟರೆ, ಆ ವೈಯಲ್ ವಾಪಸ್ ಕಳಿಸಿ.

ಮೈಕ್ರೋಗ್ಲಿಯಾ ಪ್ರಶ್ನೆಗೂ ಇದೇ ಹಿನ್ನೆಲೆ. 2005ರಲ್ಲಿ ನರನೋವಿನಲ್ಲಿ ಮೈಕ್ರೋಗ್ಲಿಯಾದ ಬಿಡಿಎನ್‌ಎಫ್‌ಗೆ ಪಾತ್ರವಿದೆ ಅಂತ ಬಂತು. 2013ರಲ್ಲಿ ಮೈಕ್ರೋಗ್ಲಿಯಾದಲ್ಲಿ ಮಾತ್ರ ಆ ಜೀನ್ ತೆಗೆದರೆ ಕಲಿಕೆಗೆ ಪೆಟ್ಟು ಬೀಳುತ್ತದೆ ಅಂತ ಬಂತು. ಅತ್ತ ಆರ್‌ಎನ್‌ಎ ಸೀಕ್ವೆನ್ಸಿಂಗ್ ನೋಡಿದರೆ ಬೆಳೆದ ಇಲಿಯ ಮೈಕ್ರೋಗ್ಲಿಯಾದಲ್ಲಿ ಅದು ತೀರಾ ಅಲ್ಪ. ಜಗಳ ಇನ್ನೂ ಮುಗಿದಿಲ್ಲ. ಇಂಥ ಕಡೆ ಒಂದು ಚಂದದ ಚಿತ್ರ ಇಟ್ಟರೆ ರಿವ್ಯೂವರ್ ಒಪ್ಪುವುದಿಲ್ಲ.

ಬೆಂಚ್_ಹುಡುಗಿ

ಅಕ್ಕ, ಥ್ಯಾಂಕ್ಸ್. ಸ್ಟ್ರಯೇಟಮ್ ವಿಷಯ ಗೊತ್ತೇ ಇರಲಿಲ್ಲ. ನಮ್ಮ ಹಳೆಯ ಸೆಕ್ಷನ್‌ಗಳಲ್ಲಿ ಅದೂ ಇದೆ, ನೋಡುತ್ತೇನೆ.

ಹಳೇ ಕಾನ್‌ಫೋಕಲ್ ಸರ್, ನೀವು ಹೇಳಿದಂತೆ ಉಲ್ಟಾ ಮಾಡಿದರೂ ಎರಡೂ ಮೊಲದ್ದೇ ಅಲ್ವಾ? ಬಿಡಿಎನ್‌ಎಫ್‌ಗೆ ಹಾಕಿದ ಸೆಕೆಂಡರಿ ಹೋಗಿ ಡೈ ಇರುವ ಐಬಾ-1ನ್ನು ಹಿಡಿಯುವುದಿಲ್ಲವಾ? ಕ್ರಮ ಹೇಗೆ?

ಹಳೇ_ಕಾನ್‌ಫೋಕಲ್

ಸರಿಯಾದ ಪ್ರಶ್ನೆ. ಕ್ರಮ ಹೀಗೆ. ಮೊದಲು ಡೈ ಇಲ್ಲದ ಬಿಡಿಎನ್‌ಎಫ್ ಆಂಟಿಬಾಡಿ, ರಾತ್ರಿಯಿಡೀ ನಾಲ್ಕು ಡಿಗ್ರಿಯಲ್ಲಿ. ತೊಳೆದು ಸೆಕೆಂಡರಿ. ಮತ್ತೆ ಚೆನ್ನಾಗಿ ತೊಳೆದು ಸಾಮಾನ್ಯ ಮೊಲದ ಸೀರಮ್ ಹಾಕಿ ಬಿಡಬೇಕು. ಸೆಕೆಂಡರಿಗೆ ಎರಡು ಕೈ, ಒಂದು ಬಿಡಿಎನ್‌ಎಫ್ ಆಂಟಿಬಾಡಿಯನ್ನು ಹಿಡಿದಿದ್ದರೂ ಇನ್ನೊಂದು ಖಾಲಿ ಇರಬಹುದು. ಆ ಖಾಲಿ ಕೈಗಳಿಗೆ ಮೊಲದ ಸೀರಮ್‌ನ ಐಜಿಜಿ ಸಿಗುತ್ತದೆ. ಕೊನೆಗೆ ಡೈ ಇರುವ ಐಬಾ-1. ಈ ಸೀರಮ್ ಹೆಜ್ಜೆ ಬಿಟ್ಟರೆ ಎಲ್ಲ ಕಲಸುಮೇಲೋಗರ.

ಹೆಲ್ಸಿಂಕಿ_ಅಕ್ಕ

ಸರ್, ಬೇರೆ ಯಾವ ಜೋಡಿಗಾದರೂ ಇದು ಸರಿ. ಈ ಹುಡುಗಿಯ ಪ್ರಶ್ನೆಗೆ ಮಾತ್ರ ಬೇಡ. ಯಾಕಂದ್ರೆ ಸೀರಮ್ ಪೂರ್ತಿ ಮುಚ್ಚದೆ ಸ್ವಲ್ಪ ಸೋರಿದರೂ ಏನಾಗುತ್ತದೆ ನೋಡಿ: ಬಿಡಿಎನ್‌ಎಫ್‌ನ ಬಣ್ಣ ಇರುವ ಸೆಕೆಂಡರಿ ಮೈಕ್ರೋಗ್ಲಿಯಾ ಮೇಲೆ ಕೂರುತ್ತದೆ. ಅವಳು ಕೇಳುತ್ತಿರುವುದೇ ಮೈಕ್ರೋಗ್ಲಿಯಾದಲ್ಲಿ ಬಿಡಿಎನ್‌ಎಫ್ ಇದೆಯಾ ಅಂತ. ಸೋರಿಕೆ ಆದರೆ ಉತ್ತರ ‘ಹೌದು’ ಅಂತಲೇ ಬರುತ್ತದೆ.

ಐಬಾ-1 ಮೇಕೆಯದ್ದು ಸಿಗುತ್ತದೆ. ಅದನ್ನು ತೆಗೆದುಕೊಳ್ಳಲಿ. ಮೊಲದ ಜೊತೆ ಮೊಲ ಬೇಡವೇ ಬೇಡ.

ಹಳೇ_ಕಾನ್‌ಫೋಕಲ್

ಒಪ್ಪಿದೆ ಮೇಡಂ. ಈ ಕೆಲಸಕ್ಕೆ ಮೇಕೆಯೇ ಸರಿ.

ಹಾಗಾದರೆ ಸೆಕೆಂಡರಿಗಳನ್ನೂ ಬದಲಿಸಬೇಕು, ಗಮನಿಸಿ. ಲ್ಯಾಬ್‌ಗಳಲ್ಲಿ ಸಾಮಾನ್ಯವಾಗಿ ಇರುವುದು ಮೇಕೆಯಲ್ಲಿ ಮಾಡಿದ ಆಂಟಿ-ರ‍್ಯಾಬಿಟ್. ಅದನ್ನು ಹಾಕಿ, ಜೊತೆಗೆ ಮೇಕೆಯ ಐಬಾ-1ಕ್ಕೆ ಕತ್ತೆಯಲ್ಲಿ ಮಾಡಿದ ಆಂಟಿ-ಗೋಟ್ ಹಾಕಿದರೆ, ಆ ಕತ್ತೆಯದು ಹೋಗಿ ಮೇಕೆಯ ಸೆಕೆಂಡರಿಯನ್ನೂ ಹಿಡಿಯುತ್ತದೆ! ಎಲ್ಲ ಸೆಕೆಂಡರಿಗಳೂ ಕತ್ತೆಯವೇ ಇರಲಿ, ಬೇರೆ ಪ್ರಾಣಿಗಳ ಐಜಿಜಿಗೆ ಅಂಟದಂತೆ ಸೋಸಿದವು. ಬ್ಲಾಕ್ ಮಾಡಲು ಮೇಕೆ ಸೀರಮ್ ಬೇಡ, ಕತ್ತೆ ಸೀರಮ್. ಹಾಲಿನ ಪುಡಿಯೂ ಬೇಡ. ಹಸುವಿನ ಐಜಿಜಿ ಮೇಕೆಯದಕ್ಕೆ ಹತ್ತಿರ, ಆಂಟಿ-ಗೋಟ್ ಅದಕ್ಕೂ ಅಂಟಿಕೊಂಡು ಖರ್ಚಾಗುತ್ತದೆ. ನ್ಯೂ-ಎನ್ ಗಿನಿಪಿಗ್‌ದು ತಗೊಳ್ಳಿ, ಕುಮಾರ ಅವರು ಹೇಳಿದ ರಕ್ತನಾಳದ ರಗಳೆ ತಪ್ಪುತ್ತದೆ.

ಕ್ಲೋನ್_ಕುಮಾರ

ಹೀಗೆಲ್ಲ ಹೇಳಿ ನಮ್ಮ ಕಾಂಜುಗೇಟ್ (ಡೈ ಅಂಟಿಸಿದ ಆಂಟಿಬಾಡಿ) ವ್ಯಾಪಾರಕ್ಕೆ ಕಲ್ಲು ಹಾಕಿದಿರಿ. ಇರಲಿ. ನೇರ ಲೇಬಲ್ ಎಲ್ಲಿ ಬೇಕು ಅಂತಲೂ ಹೇಳಬೇಕಲ್ಲ.

ಫ್ಲೋ ಸೈಟೊಮೆಟ್ರಿಯಲ್ಲಿ (ಕೋಶಗಳನ್ನು ಒಂದೊಂದಾಗಿ ಲೇಸರ್ ಮುಂದೆ ಹರಿಸಿ ಅಳೆಯುವುದು) ಎಂಟು ಹತ್ತು ಬಣ್ಣ ಒಟ್ಟಿಗೆ ಹೋಗುತ್ತವೆ, ಅಲ್ಲಿ ಸೆಕೆಂಡರಿ ಇಟ್ಟುಕೊಂಡು ಕೆಲಸವೇ ಆಗುವುದಿಲ್ಲ. ಸ್ಲೈಡಿನಲ್ಲೂ ನಾಲ್ಕೈದು ಗುರಿಗಳಿದ್ದು ಒಳ್ಳೆಯ ಕ್ಲೋನ್‌ಗಳೆಲ್ಲ ಮೊಲದ್ದೇ ಆಗಿದ್ದರೆ ಬೇರೆ ದಾರಿ ಕಡಿಮೆ. ದಪ್ಪ ಸೆಕ್ಷನ್ ಅಥವಾ ಪಾರದರ್ಶಕ ಮಾಡಿದ ಅಂಗಾಂಶದಲ್ಲಿ ಎರಡು ಸುತ್ತು ಆಂಟಿಬಾಡಿ ಇಳಿಸುವ ಬದಲು ಒಂದೇ ಸುತ್ತು ಸಾಕಾಗುತ್ತದೆ. ಮತ್ತೆ, ಬಿಡಿಎನ್‌ಎಫ್ ಅಪರೂಪ ಅನ್ನುವುದು ಮಿದುಳಿನ ಮಾತು. ಅದನ್ನೇ ಹೆಚ್ಚಾಗಿ ಮಾಡುವಂತೆ ಟ್ರಾನ್ಸ್‌ಫೆಕ್ಟ್ ಮಾಡಿದ (ಹೊರಗಿನಿಂದ ಡಿಎನ್‌ಎ ಹಾಕಿದ) ಹೆಕ್ ಕೋಶದಲ್ಲಿ ನೇರ ಲೇಬಲ್ ಆರಾಮಾಗಿ ಕಾಣುತ್ತದೆ.

ಫ್ಲೋ ಮಾಡುವವರಿಗೆ ಎರಡು ಮಾತು. ಬಿಡಿಎನ್‌ಎಫ್ ಹೊರಗೆ ಹೋಗುವ ಪ್ರೋಟೀನು. ಕೋಶ ಅದನ್ನು ಹೊರಹಾಕಿದ ಮೇಲೆ ಹುಡುಕಿದರೆ ಏನು ಸಿಗುತ್ತದೆ? ಬ್ರೆಫೆಲ್ಡಿನ್-ಎ ಅಥವಾ ಮೊನೆನ್ಸಿನ್ ಹಾಕಿ ಕೆಲವು ಗಂಟೆ ಒಳಗೇ ತಡೆದು, ಆಮೇಲೆ ಫಿಕ್ಸ್ ಮಾಡಿ, ಪೊರೆಗೆ ತೂತು ಮಾಡಿ ಸ್ಟೇನ್ ಮಾಡಬೇಕು. ಎರಡನೆಯದು, ಮೈಕ್ರೋಗ್ಲಿಯಾ, ಮೊನೊಸೈಟ್‌ಗಳಲ್ಲಿ ಎಫ್‌ಸಿ ರಿಸೆಪ್ಟರ್‌ಗಳಿವೆ. ಅವು ಆಂಟಿಬಾಡಿಯ ಬಾಲವನ್ನೇ ಹಿಡಿದುಕೊಳ್ಳುತ್ತವೆ. ಎಫ್‌ಸಿ ಬ್ಲಾಕ್ ಹಾಕದೆ ‘ಮೈಕ್ರೋಗ್ಲಿಯಾ ಪಾಸಿಟಿವ್’ ಅನ್ನಬೇಡಿ. ಕೆಲವು ಸಯನಿನ್ ಬಗೆಯ ಡೈಗಳಂತೂ ಆಂಟಿಬಾಡಿಯ ಹಂಗಿಲ್ಲದೆ ತಾವೇ ಮೊನೊಸೈಟ್‌ಗಳಿಗೆ ಅಂಟುತ್ತವೆ. ಅದಕ್ಕೇ ಐಸೊಟೈಪ್ ಕಂಟ್ರೋಲ್ (ಹೋಲಿಕೆಗೆ ಹಾಕುವ, ಆ ಗುರಿಗೆ ಅಂಟದ ಆಂಟಿಬಾಡಿ) ಅಂದರೆ ಬರೀ ಮೊಲದ ಐಜಿಜಿ ಸಾಲದು. ಅದೇ ಡೈ, ಸುಮಾರು ಅಷ್ಟೇ ಡೈ ಅಣುಗಳು ಇರುವ ಐಜಿಜಿ ಬೇಕು.

ನಾಳೆ ನಿಮಗೂ ಲೇಬಲ್ ಬೇಕಾಗಬಹುದು. ಈಗಲೇ ಬಿಎಸ್‌ಎ (ಸೇರಿಸುವ ಹಸುವಿನ ಪ್ರೋಟೀನ್), ಅಜೈಡ್ (ಕೆಡದಂತೆ ಹಾಕುವ ರಾಸಾಯನಿಕ) ಇಲ್ಲದ ಕ್ಯಾರಿಯರ್-ಫ್ರೀ ರೂಪದ ಕ್ಲೋನ್ ತರಿಸಿ. ಅರ್ಧವನ್ನು ಹಾಗೇ ಬಳಸಿ, ಅರ್ಧಕ್ಕೆ ನೀವೇ ಡೈ ಹಚ್ಚಬಹುದು.

ಬೆಂಚ್_ಹುಡುಗಿ

ನಾವೇ ಹಚ್ಚಿದರೆ ಎಷ್ಟು ಅಂಟಿತು ಅಂತ ಗೊತ್ತಾಗುವುದು ಹೇಗೆ?

ಹಳೇ_ಕಾನ್‌ಫೋಕಲ್

ನ್ಯಾನೋಡ್ರಾಪ್ (ದ್ರವ ಎಷ್ಟು ಬೆಳಕು ಹೀರುತ್ತದೆ ಅಂತ ಅಳೆಯುವ ಯಂತ್ರ) ಸಾಕು. ಎನ್‌ಎಚ್‌ಎಸ್ ಎಸ್ಟರ್ ರೂಪದ ಡೈ ಆಂಟಿಬಾಡಿಯ ಲೈಸಿನ್ ಅನ್ನುವ ಅಮೈನೋ ಆಮ್ಲಗಳಿಗೆ ಅಂಟುತ್ತದೆ, ಬಫರ್ ಪಿಎಚ್ 8.3ರ ಹತ್ತಿರ ಇರಲಿ. ಟ್ರಿಸ್, ಗ್ಲೈಸಿನ್ ಇರುವ ಬಫರ್ ಬೇಡ, ಡೈ ಎಲ್ಲ ಅವಕ್ಕೇ ಹೋಗುತ್ತದೆ. ಬಿಎಸ್‌ಎಯೂ ಅಷ್ಟೇ. ಕುಮಾರ ಅವರು ಕ್ಯಾರಿಯರ್-ಫ್ರೀ ಅಂದದ್ದು ಇದಕ್ಕೆ. ಉಳಿದ ಬಿಡಿ ಡೈಯನ್ನು ಸಣ್ಣ ಕಾಲಮ್ಮಿನಲ್ಲಿ ಸೋಸಿ ತೆಗೆದ ಮೇಲೆ 280 ಮತ್ತು 650 ನ್ಯಾನೋಮೀಟರ್‌ನಲ್ಲಿ ಓದಿ.

ಒಂದು ಉದಾಹರಣೆ ಮಾಡಿ ತೋರಿಸುತ್ತೇನೆ. 280ರಲ್ಲಿ 0.23 ಬಂತು, 650ರಲ್ಲಿ 0.90 ಬಂತು ಅಂದುಕೊಳ್ಳಿ. 647 ಡೈ 280ರಲ್ಲೂ ಚೂರು ಹೀರುತ್ತದೆ, ಅದರ ಪಾಲು 0.03. ಅಂದರೆ 0.90 × 0.03 = 0.027 ಕಳೆಯಬೇಕು. ಉಳಿದದ್ದು 0.203. ಐಜಿಜಿಯ ಮೋಲಾರ್ ಗುಣಾಂಕ 2,03,000. ಭಾಗಿಸಿದರೆ 1 ಮೈಕ್ರೋಮೋಲಾರ್ ಆಂಟಿಬಾಡಿ. ಡೈ ಗುಣಾಂಕ 2,39,000. 0.90ನ್ನು ಅದರಿಂದ ಭಾಗಿಸಿದರೆ ಸುಮಾರು 3.8 ಮೈಕ್ರೋಮೋಲಾರ್. ಒಂದು ಆಂಟಿಬಾಡಿಗೆ 3.8 ಡೈ. ಒಳ್ಳೆಯ ಸಂಖ್ಯೆ.

ಜಾಸ್ತಿ ಇದ್ದಷ್ಟೂ ಒಳ್ಳೆಯದು ಅಂತ ಹತ್ತು ಹನ್ನೆರಡು ಅಂಟಿಸಲು ಹೋಗಬೇಡಿ. ಡೈಗಳು ಹತ್ತಿರಹತ್ತಿರ ಕೂತರೆ ಒಂದರ ಬೆಳಕನ್ನು ಇನ್ನೊಂದು ನುಂಗುತ್ತದೆ. ಆಂಟಿಜನ್ ಹಿಡಿಯುವ ಜಾಗದಲ್ಲೇ ಲೈಸಿನ್ ಇದ್ದರೆ ಹಿಡಿತವೂ ಹೋಗುತ್ತದೆ. ಮೇಲಾಗಿ ಅಂಥದ್ದು ಎಲ್ಲೆಂದರಲ್ಲಿ ಅಂಟಿಕೊಂಡು ಹಿನ್ನೆಲೆ ಕೊಳೆಯಾಗುತ್ತದೆ.

ಪೆಥಾಲಜಿ_ಡಾಕ್ಟ್ರು

ಮನುಷ್ಯರ ಮಿದುಳಿನ ಮೇಲೆ ಕೆಲಸ ಮಾಡುವವರೂ ಇದನ್ನು ಓದುತ್ತಿರಬಹುದು. ನಿಮ್ಹಾನ್ಸ್‌ನ ಬ್ರೈನ್ ಬ್ಯಾಂಕ್‌ನಂಥ ಕಡೆ ಸಿಗುವ ಅಂಗಾಂಶ ಎಷ್ಟೋ ಸಲ ವಯಸ್ಸಾದವರದು. ವಯಸ್ಸಾದ ನ್ಯೂರಾನ್‌ನಲ್ಲಿ ಲಿಪೊಫ್ಯೂಸಿನ್ ಅನ್ನುವ ಕೋಶದ ಕಸ ತುಂಬಿರುತ್ತದೆ, ಆಂಟಿಬಾಡಿ ಹಾಕದೆಯೂ ಹೊಳೆಯುತ್ತದೆ. ಹಸಿರು, ಕಿತ್ತಳೆ ಎರಡರಲ್ಲೂ ಸಣ್ಣ ಸಣ್ಣ ಕಣಗಳು. ವೆಸಿಕಲ್‌ನಲ್ಲಿರುವ ಬಿಡಿಎನ್‌ಎಫ್ ಕೂಡ ಸಣ್ಣ ಕಣಗಳ ಥರವೇ ಕಾಣುವುದು! ಅನುಭವ ಇಲ್ಲದವರು ಅಲ್ಲೇ ಬೀಳುತ್ತಾರೆ. ದೂರದ ಕೆಂಪಿನಲ್ಲಿ, ಅಂದರೆ 647ರ ಕಡೆ, ಈ ಕಾಟ ಕಡಿಮೆ, ಪೂರ್ತಿ ಇಲ್ಲ ಅಂತಲ್ಲ. ಸುಡಾನ್ ಬ್ಲ್ಯಾಕ್ ಬಿ ಹಾಕಿದರೆ ತಗ್ಗುತ್ತದೆ. ಏನೂ ಹಾಕದ ಸ್ಲೈಡ್ ಒಂದನ್ನು ಎಲ್ಲ ಚಾನೆಲ್‌ಗಳಲ್ಲೂ ತೆಗೆದಿಟ್ಟುಕೊಳ್ಳಿ. ಒಂದೇ ಕಣ ಮೂರು ಚಾನೆಲ್‌ನಲ್ಲೂ ಇದ್ದರೆ ಅದು ಬಿಡಿಎನ್‌ಎಫ್ ಅಲ್ಲ.

ರಕ್ತದಲ್ಲಿ ಅಳೆಯುವವರಿಗೂ ಒಂದು ಮಾತು, ಇದು ವಿಷಯದಿಂದ ಸ್ವಲ್ಪ ಆಚೆ. ಮನುಷ್ಯರ ರಕ್ತದಲ್ಲಿ ಬಿಡಿಎನ್‌ಎಫ್ ಹೆಚ್ಚಾಗಿ ಇರುವುದು ಪ್ಲೇಟ್‌ಲೆಟ್‌ಗಳಲ್ಲಿ. ಹೆಪ್ಪುಗಟ್ಟುವಾಗ ಹೊರಬರುತ್ತದೆ, ಹಾಗಾಗಿ ಪ್ಲಾಸ್ಮಾಕ್ಕಿಂತ ಸೀರಮ್‌ನಲ್ಲಿ ಎಷ್ಟೋ ಪಟ್ಟು ಜಾಸ್ತಿ. ಮೌಸ್‌ನ ಪ್ಲೇಟ್‌ಲೆಟ್‌ಗಳಲ್ಲಿ ಅದು ಇಲ್ಲ. ಖಿನ್ನತೆಯ ರೋಗಿಗಳ ಸೀರಮ್ ಅಂಕಿಗಳನ್ನು ಮೌಸ್ ರಕ್ತದ ಜೊತೆ ಹೋಲಿಸುವ ಪ್ರಬಂಧ ಕಂಡರೆ ನನಗೆ ತಲೆನೋವು ಬರುತ್ತದೆ.

ಮಲೆನಾಡ_ಮೇಷ್ಟ್ರು

ಡಾಕ್ಟ್ರೇ, ಇದು ನನಗೆ ಹೊಸ ವಿಷಯ. ಇಷ್ಟೊಂದು ಹೋಲುವ ಪ್ರೋಟೀನು, ಆದರೆ ಇಡುವ ಜಾಗ ಬೇರೆ!

ಬೆಂಚ್_ಹುಡುಗಿ

ಗೈಡ್ ಜೊತೆ ಮಾತಾಡಿದೆ. 647 ಕಾಂಜುಗೇಟ್‌ನ ಕೊಟೇಶನ್ ಕೈಬಿಟ್ಟೆವು. ಬಿಡಿಎನ್‌ಎಫ್‌ಗೆ ಅದೇ ಕ್ಲೋನ್, ಕ್ಯಾರಿಯರ್-ಫ್ರೀ, ಡೈ ಇಲ್ಲದ್ದು. ಐಬಾ-1 ಮೇಕೆಯದ್ದು, ನ್ಯೂ-ಎನ್ ಗಿನಿಪಿಗ್‌ದು, ಸೆಕೆಂಡರಿ ಮೂರೂ ಕತ್ತೆಯವು. ಎಲ್ಲ ಸೇರಿ ಮೊದಲಿನ ಕೊಟೇಶನ್‌ಗಿಂತ ತುಸು ಜಾಸ್ತಿ ಆಯಿತು, ಆದರೆ ಸೆಕೆಂಡರಿಗಳು ಬೇರೆ ಕೆಲಸಕ್ಕೂ ಆಗುತ್ತವೆ ಅಂತ ಒಪ್ಪಿಸಿದೆ.

ಉಳಿದದ್ದು ಅಕ್ಕ ಹೇಳಿದ ನಾಕ್‌ಔಟ್ ಜೊತೆಗಿನ ಹೋಲಿಕೆ. ಬಿಡಿಎನ್‌ಎಫ್ ಪೂರ್ತಿ ಇಲ್ಲದ ಇಲಿಗಳು ಹುಟ್ಟಿದ ಕೆಲವೇ ವಾರಗಳಲ್ಲಿ ಸಾಯುತ್ತವಂತೆ. ನಮಗೆ ಬೇಕಾದ್ದು ಬೆಳೆದ ಇಲಿ. ಏನು ಮಾಡಲಿ?

ಹೆಲ್ಸಿಂಕಿ_ಅಕ್ಕ

ಫ್ಲಾಕ್ಸ್ ಮಾಡಿದ (ಬೇಕಾದ ಕೋಶಗಳಲ್ಲಿ ಮಾತ್ರ ಜೀನ್ ತೆಗೆಯಬಹುದಾದ) ಬಿಡಿಎನ್‌ಎಫ್ ಇಲಿ ಇಟ್ಟಿರುವ ಲ್ಯಾಬ್ ಹತ್ತಿರದಲ್ಲಿದೆಯಾ ಕೇಳು. ಮುಂಭಾಗದ ಮಿದುಳಿನ ನ್ಯೂರಾನ್‌ಗಳಲ್ಲಿ ಮಾತ್ರ ಜೀನ್ ತೆಗೆದ ಇಲಿಗಳು ಬೆಳೆದು ದೊಡ್ಡವಾಗುತ್ತವೆ. ಪ್ರಾಣಿ ಬೇಡ, ಫಿಕ್ಸ್ ಮಾಡಿದ ಎರಡು ಸೆಕ್ಷನ್ ಕೊಟ್ಟರೆ ಸಾಕು. ಅದರ ಜೊತೆ, ಜೀನ್ ಇರುವ ಒಡಹುಟ್ಟಿದ ಇಲಿಯದ್ದೂ ಬೇಕು. ಎರಡನ್ನೂ ಒಂದೇ ದಿನ, ಒಂದೇ ಬಟ್ಟಲಲ್ಲಿ ಸ್ಟೇನ್ ಮಾಡು, ಲೇಸರ್ ಸೆಟ್ಟಿಂಗ್ ಬದಲಿಸಬೇಡ. ಲೂಸಿಡಮ್ ಪಟ್ಟಿ ಒಂದರಲ್ಲಿ ಇದ್ದು ಇನ್ನೊಂದರಲ್ಲಿ ಹೋಗಿದ್ದರೆ ಮುಂದೆ ಹೋಗು.

ಆಂಟಿಬಾಡಿ ಮಾಡಿಸಲು ಬಳಸಿದ ಪೆಪ್ಟೈಡ್ (ಪ್ರೋಟೀನಿನ ತುಣುಕು) ಹಾಕಿ ಸಿಗ್ನಲ್ ಅಳಿಸಿ ತೋರಿಸುವುದನ್ನು ಕಂಟ್ರೋಲ್ ಅಂತ ಬರೆಯಬೇಡ. ಆಂಟಿಬಾಡಿ ಆ ಪೆಪ್ಟೈಡ್‌ಗೆ ಅಂಟುತ್ತದೆ ಅಂತ ಅದರಿಂದ ಗೊತ್ತಾಗುತ್ತದೆ, ಅಷ್ಟೇ. ಮಿದುಳಿನಲ್ಲಿ ಇನ್ಯಾವುದಕ್ಕೆ ಅಂಟಿತ್ತೋ ಅದೂ ಜೊತೆಗೇ ಅಳಿಸಿಹೋಗುತ್ತದೆ. ನಾಕ್‌ಔಟ್ ಸಿಗದಿದ್ದರೆ ಇನ್ ಸಿಟು (ಸೆಕ್ಷನ್ ಮೇಲೆಯೇ ಆರ್‌ಎನ್‌ಎ ಗುರುತಿಸುವ ವಿಧಾನ) ಮಾಡಿ ಆರ್‌ಎನ್‌ಎ ಇರುವ ಕೋಶ ಯಾವುದು ನೋಡು. ಆದರೆ ಸ್ಟ್ರಯೇಟಮ್ ನೆನಪಿರಲಿ, ಆರ್‌ಎನ್‌ಎ ಒಂದು ಕಡೆ, ಪ್ರೋಟೀನು ಇನ್ನೊಂದು ಕಡೆ ಇರಬಹುದು.

ಬೆಂಚ್_ಹುಡುಗಿ

ಪಕ್ಕದ ಸಂಸ್ಥೆಯಲ್ಲಿ ಒಬ್ಬರು ಫ್ಲಾಕ್ಸ್ ಇಲಿ ಇಟ್ಟಿದ್ದಾರೆ, ಮೇಲ್ ಹಾಕಿದ್ದೇನೆ. ಕೊನೆಯ ಪ್ರಶ್ನೆ: ಅರ್ಧಕ್ಕೆ ಡೈ ಹಚ್ಚಿದರೆ ಮೈನಸ್ 20ರಲ್ಲಿ ಇಡಲಾ?

ಕ್ಲೋನ್_ಕುಮಾರ

ಬೇಡ. ನಾಲ್ಕು ಡಿಗ್ರಿ, ಕತ್ತಲು. ಟ್ಯೂಬಿಗೆ ಫಾಯಿಲ್ ಸುತ್ತಿ. ಹೆಪ್ಪುಗಟ್ಟಿಸಿ ಕರಗಿಸಿದರೆ ಆಂಟಿಬಾಡಿಗಳು ಗುಂಪು ಕಟ್ಟುತ್ತವೆ. ಡೈ ಹಚ್ಚಿ ಮುಗಿದ ಮೇಲೆ ಬೇಕಾದರೆ ಸ್ವಲ್ಪ ಅಜೈಡ್, ಬಿಎಸ್‌ಎ ಹಾಕಿ, ಮೊದಲೇ ಅಲ್ಲ. ಬಳಸುವ ಮುಂಚೆ ಪ್ರತಿ ಸಲ ಕೆಲವು ನಿಮಿಷ ಸೆಂಟ್ರಿಫ್ಯೂಜ್ ಮಾಡಿ ಮೇಲಿನ ದ್ರವ ಮಾತ್ರ ತೆಗೆದುಕೊಳ್ಳಿ. ತಳದಲ್ಲಿರುವ ಗುಂಪುಗಳು ಸ್ಲೈಡಿಗೆ ಬಂದರೆ ಹೊಳೆಯುವ ಚುಕ್ಕೆಗಳಾಗಿ ಕೂರುತ್ತವೆ.

ಹಳೇ_ಕಾನ್‌ಫೋಕಲ್

ಮೈಕ್ರೋಸ್ಕೋಪ್‌ಗೆ ಬರುವಾಗ ಬರೀ ಮೂರು ಬಣ್ಣದ ಸ್ಲೈಡ್ ತರಬೇಡಿ. ಒಂದೊಂದೇ ಬಣ್ಣದ್ದು ಮೂರು, ಪ್ರೈಮರಿ ಇಲ್ಲದೆ ಸೆಕೆಂಡರಿ ಮಾತ್ರ ಹಾಕಿದ್ದು ಒಂದು, ಏನೂ ಹಾಕದ್ದು ಒಂದು. ಇವಿಲ್ಲದೆ ನಮ್ಮಲ್ಲಿ ಸ್ಲಾಟ್ ಕೊಡುವುದಿಲ್ಲ, ಎಷ್ಟೇ ಗೋಗರೆದರೂ.